ಈ ಮಂಡಿ ಯಾರ ಸೊತ್ತು?

ಮನುಷ್ಯನು 'ನನ್ನದು' ಎಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಅವನ ದೇಹಕ್ಕಿಂತ ಹತ್ತಿರದ್ದು ಬೇರೊಂದಿಲ್ಲ. ನನ್ನ ಕೈ, ನನ್ನ ಕಾಲು, ನನ್ನ ಕಣ್ಣು ಎನ್ನುತ್ತೇವೆ. ಆದರೆ ಆ ಕೈಯನ್ನು ನಾವು ಕ್ರಯಕ್ಕೆ ಪಡೆದಿಲ್ಲ. ಆ ಕಾಲನ್ನು ನಾವು ನಿರ್ಮಿಸಿಲ್ಲ. ಅದು ಸೃಷ್ಟಿಕರ್ತನು ನಮ್ಮ ವಶಕ್ಕೆ ಒಪ್ಪಿಸಿದ ಅಮಾನತ್ತು (ವಿಶ್ವಾಸದ ಸೊತ್ತು). ಈ ಮಾತನ್ನು ನಾವು ಎಷ್ಟೋ ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ, ತಲೆದೂಗಿದ್ದೇವೆ. ಅಮಾನತ್ತಿನ ಪರೀಕ್ಷೆ ಮನೆಬಾಗಿಲಿಗೆ ಬಂದಾಗ ನಾವು ಹೇಗೆ ವರ್ತಿಸುತ್ತೇವೆ ಎಂಬುದೇ ಮುಖ್ಯ ಪ್ರಶ್ನೆ.

ಪ್ರಿಯ ವಾಚಕರೇ, ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಊರು ಚಿಕ್ಕಬಳ್ಳಾಪುರವೆನ್ನಿ, ಗೌರಿಬಿದನೂರು ಎನ್ನಿ, ಚಿಂತಾಮಣಿಯೋ ಶಿಡ್ಲಘಟ್ಟವೋ ಎನ್ನಿ. ವಯಸ್ಸು ಹದಿನೇಳು. ನಮ್ಮ ಈ ಊರುಗಳು ಕೊಡಗಿನಂತೆ ಹಾಕಿಗೆ ಹೆಸರಾದವಲ್ಲ; ಹಾಗಿದ್ದೂ ಈ ಹುಡುಗ ಆ ಕೋಲು ಹಿಡಿದ, ಬೆಂಗಳೂರಿನ ಕ್ರೀಡಾ ವಸತಿನಿಲಯವೊಂದಕ್ಕೆ ಆಯ್ಕೆಯಾದ. ಅವನು ಡಿಫೆಂಡರ್. ಗೋಲು ಹೊಡೆದು ಹೆಸರು ಪಡೆಯುವವನಲ್ಲ, ಎದುರಾಳಿಯ ಗೋಲು ತಪ್ಪಿಸುವವನು. ಸೊಂಟ ಬಗ್ಗಿಸಿ, ಮಂಡಿ ಮಡಿಸಿ, ಮುನ್ನುಗ್ಗುವವನ ಮುಂದೆ ಹಿಂದಕ್ಕೆ ಸರಿಯುತ್ತಾ, ಕ್ಷಣಮಾತ್ರದಲ್ಲಿ ಎಡಕ್ಕೋ ಬಲಕ್ಕೋ ತಿರುಗಬೇಕಾದವನು. ಒಂದು ದಿನ ಹಾಗೆ ತಿರುಗುವಾಗ ಪಾದ ಕೃತಕ ಹಾಸಿಗೆ ಕಚ್ಚಿ ನಿಂತಿತು, ದೇಹ ಮಾತ್ರ ತಿರುಗಿತು. ಮಂಡಿಯೊಳಗೆ 'ಟಪ್' ಎಂಬ ಸದ್ದು. ಸಂಜೆಯಾಗುವಷ್ಟರಲ್ಲಿ ಮಂಡಿ ಊದಿಕೊಂಡಿತು.

ಇನ್ನು ಮನೆಯವರ ಸರದಿ. ಎಕ್ಸ್‌ರೇ ತೆಗೆಸಿದರು, 'ಏನೂ ಆಗಿಲ್ಲ' ಎಂದು ಸಮಾಧಾನಪಟ್ಟರು. ಚಿಕ್ಕಪ್ಪ ಪುತ್ತೂರು ಕಟ್ಟು ಹಾಕಿಸೋಣವೆಂದರು. ಹದಿನೈದು ದಿನಗಳಲ್ಲಿ ಊತ ಇಳಿಯಿತು, ಹುಡುಗ ನಡೆದಾಡಿದ. ತರಬೇತುದಾರರು ಮುಂದಿನ ತಿಂಗಳ ಆಯ್ಕೆಯ ನೆನಪು ಮಾಡಿದರು. ಗೆಳೆಯರು ನೋವಿನ ಮಾತ್ರೆಯ ಹೆಸರು ಹೇಳಿದರು. ಆಟವೇ ಬೇಡವೆಂದು ಇನ್ನೊಬ್ಬ ಹಿರಿಯರು ತೀರ್ಪಿತ್ತರು. ಎಲ್ಲರೂ ಮಾತನಾಡಿದರು. ಬಲ್ಲವರನ್ನು ಕೇಳಿದವರು ಯಾರು?

ಕೇಳದೆ ಕೊಟ್ಟ ಸಲಹೆ

ಮಂಡಿಯೆಂದರೆ ಎರಡು ಮೂಳೆಗಳ ನಡುವಿನ ಬರೀ ಕೀಲಲ್ಲ. ತೊಡೆಯ ಮೂಳೆಯನ್ನೂ ಕಣಕಾಲ ಮೂಳೆಯನ್ನೂ ನಾಲ್ಕು ಪ್ರಧಾನ ಅಸ್ಥಿರಜ್ಜುಗಳು ಬಿಗಿದಿಟ್ಟಿವೆ. ಅವುಗಳಲ್ಲಿ ಎರಡು ಕೀಲಿನ ಒಳಗೆ ಕತ್ತರಿಯ ಆಕಾರದಲ್ಲಿ ಒಂದನ್ನೊಂದು ದಾಟುತ್ತವೆ. ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎನ್ನುತ್ತಾರೆ. ಓಡುವವನು ತಟ್ಟನೆ ನಿಂತು ತಿರುಗುವಾಗ ಕಣಕಾಲು ಮುಂದಕ್ಕೆ ಜಾರದಂತೆ ತಡೆಯುವುದು ಅದೇ. ಅದು ಹರಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಏಕೆಂದರೆ ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಅನುಭವಿ ವೈದ್ಯರ ಕೈಪರೀಕ್ಷೆ ಮತ್ತು ಎಂ.ಆರ್.ಐ. ಬೇಕು. ಮೂಳೆಗೆ ಕಟ್ಟುವ ಕಟ್ಟು ಈ ರಜ್ಜನ್ನು ಕೂಡಿಸದು. ನೇರ ರಸ್ತೆಯಲ್ಲಿ ನಡೆಯುವಾಗ ನೋವಿಲ್ಲವೆಂದರೆ ವಾಸಿಯಾಯಿತೆಂದು ಅರ್ಥವಲ್ಲ. ತಿರುಗುವ ಹೊತ್ತಿಗೆ ಮಂಡಿ ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗಲೆಲ್ಲ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯೂ ಜಜ್ಜಿ ಹೋಗಬಹುದು. ಅದು ಹೋದರೆ ನಡುವಯಸ್ಸಿನಲ್ಲೇ ಮಂಡಿ ಸವೆತ ಕಾಡಬಹುದು.

ಇಲ್ಲಿ ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ನೆನಪಿಗೆ ಬರುತ್ತದೆ. ಅಬೂದಾವೂದ್‌ನಲ್ಲಿ ಅದರ ವರದಿಯಿದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ತಗುಲಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ನೀರಿನ ಬದಲು ತಯಮ್ಮುಮ್ ಮಾಡಬಹುದೇ ಎಂದು ಸಂಗಡಿಗರನ್ನು ವಿಚಾರಿಸಿದರು. ನೀರು ಸಿಗುವಾಗ ಆ ರಿಯಾಯಿತಿ ಇಲ್ಲವೆಂದು ಸಂಗಡಿಗರು ಹೇಳಿದರು. ಅವರು ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಆ ಸಂಗಡಿಗರನ್ನೇ ಅವರ ಸಾವಿಗೆ ಹೊಣೆ ಮಾಡಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದು ತಿಳಿಸಿದರು.

ಗಮನಿಸಿರಿ. ಆ ಸಂಗಡಿಗರಲ್ಲಿ ದುರುದ್ದೇಶವಿರಲಿಲ್ಲ. ಅವರು ಧರ್ಮದ ಮೇಲಿನ ಕಾಳಜಿಯಿಂದಲೇ ಹೇಳಿದ್ದರು. ಆದರೂ ಒಳ್ಳೆಯ ಉದ್ದೇಶ ಅವರನ್ನು ಹೊಣೆಯಿಂದ ಪಾರುಮಾಡಲಿಲ್ಲ. ಗಾಯಗೊಂಡವನ ಮುಂದೆ ತಿಳಿಯದೆ ಆಡುವ ಮಾತು ಎಷ್ಟು ಭಾರವಾದುದು! 'ಸ್ವಲ್ಪ ಸಹಿಸಿಕೊಂಡು ಆಡು' ಎನ್ನುವವರೂ 'ಇನ್ನು ನಿನ್ನ ಕಥೆ ಮುಗಿಯಿತು' ಎನ್ನುವವರೂ ಇದನ್ನು ಯೋಚಿಸಬೇಕು.

ನಿಂತಂತೆ ಕಾಣುವ ಬೆಳವಣಿಗೆ

ಹರಿದ ಎ.ಸಿ.ಎಲ್. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡುವುದಿಲ್ಲ. ಆದರೆ ಓಡಿ ತಿರುಗುವ ಆಟಕ್ಕೆ ಮರಳಬಯಸುವ ಎಳೆಯರಿಗೆ ವೈದ್ಯರು ಸಾಮಾನ್ಯವಾಗಿ ಅದನ್ನು ಸೂಚಿಸುತ್ತಾರೆ. ಅವನದೇ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ತುಂಡನ್ನು ತೆಗೆದು ಹೊಸ ರಜ್ಜಾಗಿ ಜೋಡಿಸುತ್ತಾರೆ. ಆಶ್ಚರ್ಯದ ಸಂಗತಿಯೆಂದರೆ, ಜೋಡಿಸಿದ ರಜ್ಜು ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಬದಲು ದುರ್ಬಲವಾಗುತ್ತದೆ. ದೇಹ ಅದಕ್ಕೆ ಹೊಸ ರಕ್ತನಾಳಗಳನ್ನು ಬೆಳೆಸಿ, ಹಳೆಯ ಎಳೆಗಳನ್ನು ಕರಗಿಸಿ, ಹೊಸ ಎಳೆಗಳನ್ನು ನೇಯುತ್ತದೆ. ಹೊರಗೆ ಹುಡುಗ ಚೆನ್ನಾಗಿ ಕಾಣುತ್ತಾನೆ. ಒಳಗೆ ನೇಯ್ಗೆ ಇನ್ನೂ ನಡೆದಿರುತ್ತದೆ.

ಈ ಕಾಯುವಿಕೆಗೆ ಲೆಕ್ಕವೂ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಶಸ್ತ್ರಚಿಕಿತ್ಸೆಯ ಬಳಿಕ ಒಂಬತ್ತನೆಯ ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ವರ್ಷದ ಇನ್ನೊಂದು ಅಧ್ಯಯನ ಅನೇಕ ವರದಿಗಳನ್ನು ಒಟ್ಟುಗೂಡಿಸಿ ನೋಡಿತು: ಆಟಕ್ಕೆ ಮರಳಿದ 25 ವರ್ಷದೊಳಗಿನವರಲ್ಲಿ ಶೇಕಡಾ 23ರಷ್ಟು ಮಂದಿಗೆ ಅದೇ ಮಂಡಿಯಲ್ಲೋ ಇನ್ನೊಂದು ಮಂಡಿಯಲ್ಲೋ ರಜ್ಜು ಮತ್ತೆ ಹರಿಯಿತು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ! ಎಳೆಯ ವಯಸ್ಸಿನ ಗಾಯ ಬೇಗ ಮಾಯುವುದೆಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಎಳೆಯರೇ ಹೆಚ್ಚು ಅಪಾಯದಲ್ಲಿದ್ದಾರೆ.

ಬ್ರೆಜಿಲ್‌ನ ಫುಟ್ಬಾಲ್ ಆಟಗಾರ ರೊನಾಲ್ಡೊ ಅವರ ಮಂಡಿಚಿಪ್ಪಿನ ಸ್ನಾಯುರಜ್ಜು 1999ರ ನವೆಂಬರಿನಲ್ಲಿ ಹರಿಯಿತು. ಐದು ತಿಂಗಳೂ ತುಂಬದೆ, 2000ದ ಏಪ್ರಿಲ್ 12ರಂದು, ಅವರು ರೋಮಿನಲ್ಲಿ ಮತ್ತೆ ಮೈದಾನಕ್ಕಿಳಿದರು. ಕೆಲವೇ ನಿಮಿಷಗಳಲ್ಲಿ ಅದೇ ಮಂಡಿ ಕುಸಿಯಿತು. ಅನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಕಾಯಬೇಕಾಯಿತು. ಆ ದೀರ್ಘ ಕಾಯುವಿಕೆಯ ಬಳಿಕವೇ 2002ರ ವಿಶ್ವಕಪ್‌ನಲ್ಲಿ ಎಂಟು ಗೋಲುಗಳನ್ನು ಹೊಡೆದರು.

ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ತನ್ನ ಬಾಳಿನಲ್ಲಿ ನಾಲ್ಕು ಬಾರಿ 'ಜ್ವರ'ಕ್ಕೆ ಹೋಗುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲುಗಾಡದೆ ಇರುತ್ತದೆ. ತಿಳಿಯದವನು ನೋಡಿದರೆ ಹುಳು ಸತ್ತಿತೆಂದುಕೊಂಡಾನು. ಬಲ್ಲ ರೈತ ಸೊಪ್ಪು ನಿಲ್ಲಿಸುತ್ತಾನೆ, ತಟ್ಟೆಯನ್ನು ಒಣಗಿರಿಸುತ್ತಾನೆ, ಯಾರೂ ಕೆದಕದಂತೆ ಕಾಯುತ್ತಾನೆ. ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಬರುತ್ತಿರುವುದು ಅವನಿಗೆ ಗೊತ್ತು. ಆತುರಪಟ್ಟು ಸೊಪ್ಪು ಹಾಕಿದವನ ಬೆಳೆ ಕೆಡುತ್ತದೆ. ಹುಳುವಿಗೆ ತೋರುವ ಈ ತಾಳ್ಮೆಯನ್ನು ನಮ್ಮ ಮಗುವಿಗೆ ತೋರಲಾರೆವೇ? ಆದರೆ ರೈತ ಆಗಲೂ ಕೈಕಟ್ಟಿ ಕುಳಿತಿರುವುದಿಲ್ಲ. ಹುಡುಗನ ಕಾಯುವಿಕೆಯಲ್ಲೂ ದಿನದಿನದ ವ್ಯಾಯಾಮ, ಬೆವರು, ಬೇಸರ ಎಲ್ಲವೂ ಇವೆ. ಸಹನೆ (ಸಬ್ರ್) ಎಂದರೆ ಸುಮ್ಮನಿರುವುದಲ್ಲ, ಮಾಡಬೇಕಾದುದನ್ನು ಮಾಡುತ್ತಾ ಕಾಲವನ್ನು ಕಾಯುವುದು. ಒಂಟೆಯನ್ನು ಕಟ್ಟಿದ ಮೇಲಿನ ಭರವಸೆಗೇ ತವಕ್ಕುಲ್ ಎಂದು ಹೆಸರು.

ನಮ್ಮ ಧರ್ಮವೇ ಈ ಮುಂದೂಡುವಿಕೆಯನ್ನು ಮಾನ್ಯ ಮಾಡಿದೆ. ರೋಗಿಯು ರಂಝಾನಿನ ಉಪವಾಸವನ್ನು ಬಿಟ್ಟು ಬೇರೆ ದಿನಗಳಲ್ಲಿ ಪೂರೈಸಬಹುದು. ಮಂಡಿ ಮಡಿಸಲಾಗದವನು ಕುಳಿತು, ಸನ್ನೆಯಿಂದ ಸುಜೂದ್ ಮಾಡಿ ನಮಾಝ್ ನಿರ್ವಹಿಸಬಹುದು. ಸೃಷ್ಟಿಕರ್ತನೇ ತನ್ನ ಹಕ್ಕಿನಲ್ಲಿ ಗಾಯಾಳುವಿಗೆ ರಿಯಾಯಿತಿ ನೀಡಿರುವಾಗ, ಒಂದು ಪಂದ್ಯದ ಹಕ್ಕು ಅದಕ್ಕಿಂತ ದೊಡ್ಡದಾಯಿತೇ?

ಕಾಯುವವನ ಖರ್ಚು ಯಾರದು?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. 'ಹೇಳುವುದು ಸುಲಭ. ಕಿರಿಯರ ಹಾಕಿಗೆ ವಯಸ್ಸಿನ ಮಿತಿಯಿದೆ, ಜೂನಿಯರ್ ವಿಶ್ವಕಪ್ 21 ವರ್ಷದೊಳಗಿನವರಿಗೆ ಮಾತ್ರ. ಈ ವರ್ಷ ಹೋದರೆ ಮತ್ತೆ ಬಾರದು. ಆಟದ ಮೀಸಲಾತಿಯಲ್ಲಿ ನೌಕರಿ ಸಿಕ್ಕರೆ ಇಡೀ ಮನೆ ನಿಲ್ಲುತ್ತದೆ. ನೂಲು ಬಿಚ್ಚುವ ಕೆಲಸದ ತಂದೆ ಏನು ಮಾಡಬೇಕು?' ಇದು ಸುಳ್ಳಲ್ಲ. ಕಾಯುವಿಕೆಗೆ ಬೆಲೆಯಿದೆ, ಆ ಬೆಲೆ ಬಡವನಿಗೆ ಹೆಚ್ಚು. ಸಾಲ ಮಾಡಿಯಾದರೂ ಶಸ್ತ್ರಚಿಕಿತ್ಸೆ ಮಾಡಿಸುವ ಮನೆ, ಆಮೇಲಿನ ತಿಂಗಳುಗಟ್ಟಲೆಯ ಫಿಸಿಯೋಥೆರಪಿಯ ಖರ್ಚಿಗೆ ಸೋತುಬಿಡಬಹುದು. ವ್ಯಾಯಾಮವಿಲ್ಲದ ಶಸ್ತ್ರಚಿಕಿತ್ಸೆ ಅರ್ಧ ಕಟ್ಟಿದ ಸೇತುವೆ.

ಆದುದರಿಂದ ಆ ತಂದೆಗೆ ಬರೀ ಸಹನೆಯ ಉಪದೇಶ ಕೊಡುವುದು ಅನ್ಯಾಯ. ಅಮಾನತ್ತು ಹುಡುಗನೊಬ್ಬನದಲ್ಲ, ಸುತ್ತಲಿನವರದೂ ಹೌದು. ಮೊಹಲ್ಲಾದ ಜಮಾಅತ್ ಅವನ ಬಸ್ ಖರ್ಚನ್ನು, ಚಿಕಿತ್ಸೆಯ ಶುಲ್ಕವನ್ನು ವಹಿಸಿಕೊಳ್ಳಲಿ. ತರಬೇತುದಾರರು ಅವನ ಸ್ಥಾನದ ಬಗ್ಗೆ ಒಂದು ಭರವಸೆಯ ಮಾತನ್ನಾಡಲಿ. ಕಾಲೇಜಿನ ಅಧ್ಯಾಪಕರು ತಪ್ಪಿದ ಪಾಠಗಳನ್ನು ಹೇಳಿಕೊಡಲಿ. ಹೊರೆ ಹಂಚಿಕೊಂಡವನಿಗೇ 'ಕಾಯು' ಎನ್ನುವ ಅಧಿಕಾರ.

ಕಳೆದ ಅವಕಾಶ ಕೊನೆಯದೇ ಆಗಬೇಕೆಂದಿಲ್ಲ. ಭಾರತದ ಡಿಫೆಂಡರ್ ಬೀರೇಂದ್ರ ಲಾಕ್ರಾ ಅವರಿಗೆ ಮಂಡಿಯ ಪೆಟ್ಟಿನಿಂದ 2016ರ ರಿಯೊ ಒಲಿಂಪಿಕ್ಸ್ ತಪ್ಪಿತು. ಆಟಗಾರನ ಬಾಳಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಬರುವ ಬಾಗಿಲು ಅದು. ಅವರು ಮರಳಿದರು. 2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ಬಳಿಕ ಒಲಿಂಪಿಕ್ಸ್ ಹಾಕಿಯಲ್ಲಿ ಪದಕ ಗೆದ್ದಾಗ ಆ ತಂಡದಲ್ಲಿದ್ದರು. ನಮ್ಮ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ಮುನ್ನಡೆಯ ಆಟಗಾರರು. ಮಂಡಿಯ ಪೆಟ್ಟು ಅವರಿಂದ ಭುವನೇಶ್ವರದ 2018ರ ವಿಶ್ವಕಪ್ ಅನ್ನು ಕಸಿಯಿತು. ಅವರೂ ಮರಳಿದರು, ಆದರೆ ಟೋಕಿಯೊ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. 2022ರಲ್ಲಿ ಜಕಾರ್ತಾದ ಏಷ್ಯಾಕಪ್‌ನಲ್ಲಿ ಲಾಕ್ರಾ ನಾಯಕ, ಸುನಿಲ್ ಉಪನಾಯಕ. ಭಾರತಕ್ಕೆ ಕಂಚು ಬಂತು. ಇಬ್ಬರಿಗೂ ಒಂದೇ ಬಗೆಯ ಪ್ರತಿಫಲ ಸಿಗಲಿಲ್ಲ ಎಂಬುದನ್ನೂ ನಾವು ಮರೆಯಬಾರದು. ಸಹನೆಯು ಪದಕವನ್ನು ಖರೀದಿಸುವ ನಾಣ್ಯವಲ್ಲ.

ಮರಳಲಾಗದಿದ್ದರೆ?

2014ರ ಒಂದು ಸಮೀಕ್ಷೆಯಂತೆ ಈ ಶಸ್ತ್ರಚಿಕಿತ್ಸೆಗೆ ಒಳಗಾದ 100 ಮಂದಿಯಲ್ಲಿ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದರು. ಮೊದಲಿನ ಮಟ್ಟಕ್ಕೆ ಮರಳಿದವರು 65. ಸ್ಪರ್ಧೆಯ ಆಟಕ್ಕೆ ಮರಳಿದವರು 55. ಈ ಸತ್ಯವನ್ನು ಹುಡುಗನಿಂದ ಮರೆಮಾಚಬಾರದು. 'ನೀನು ಖಂಡಿತ ಭಾರತಕ್ಕೆ ಆಡುವೆ' ಎಂಬ ಸುಳ್ಳು ಸಾಂತ್ವನ ಸಾಂತ್ವನವಲ್ಲ. 'ಮರಳುವ ಆಸೆಯಿದೆ, ಮರಳದಿದ್ದರೂ ನೀನು ನಮಗೆ ಕಡಿಮೆಯಾಗುವುದಿಲ್ಲ' ಎನ್ನುವುದು ಸತ್ಯ, ಮತ್ತು ಅದೇ ಸಾಂತ್ವನ. ಊರಿನವರು ಅವನನ್ನು ಕಂಡಾಗಲೆಲ್ಲ 'ಆಟ ಯಾವಾಗ?' ಎಂದು ಕೇಳಿದರೆ, ಆಟವಿಲ್ಲದ ತನಗೆ ಬೆಲೆಯಿಲ್ಲವೆಂದು ಅವನು ಕಲಿಯುತ್ತಾನೆ. 'ಹೇಗಿದ್ದೀಯಾ?' ಎಂದು ಕೇಳಿರಿ. ಈ ಒಂದು ವರ್ಷ ಅವನು ಮೈದಾನದ ಬದಿಯಲ್ಲಿ ಕುಳಿತು ಆಟವನ್ನು ಓದುವುದನ್ನು ಕಲಿಯಲಿ. ಒಳ್ಳೆಯ ಡಿಫೆಂಡರ್ ಕಾಲಿಗಿಂತ ಮೊದಲು ಕಣ್ಣಿನಿಂದ ಆಡುತ್ತಾನೆ. ಪಾಠಪುಸ್ತಕವೂ ಕೈಯಲ್ಲಿರಲಿ. ತರಬೇತುದಾರ, ತೀರ್ಪುಗಾರ, ಫಿಸಿಯೋಥೆರಪಿಸ್ಟ್, ಶಿಕ್ಷಕ, ಇವೆಲ್ಲ ಅವನ ಮುಂದೆ ತೆರೆದ ದಾರಿಗಳೇ.

ಕೊನೆಯದಾಗಿ ಆ ಹುಡುಗನಿಗೇ ಒಂದು ಮಾತು. ತಮ್ಮಾ, ನೋವನ್ನು ಬಚ್ಚಿಟ್ಟು ಆಡುವುದು ಧೈರ್ಯದಂತೆ ಕಾಣುತ್ತದೆ. ಆದರೆ ಡಿಫೆಂಡರನ ಹಿಂದೆ ಉಳಿಯುವವನು ಗೋಲ್‌ಕೀಪರ್ ಒಬ್ಬನೇ. ನಿನ್ನ ಕಾಲು ನಿಲ್ಲುತ್ತದೆಂದು ನಂಬಿ ಹತ್ತು ಮಂದಿ ಆಡುತ್ತಾರೆ. ನಿಲ್ಲದೆಂದು ನಿನಗೆ ಗೊತ್ತಿದ್ದೂ ಹೇಳದಿದ್ದರೆ ಅದು ಅವರಿಗೂ ಬಗೆದ ವಂಚನೆ, ನಿನ್ನ ಮಂಡಿಗೂ ಬಗೆದ ವಂಚನೆ. ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ. 'ನೋಯುತ್ತಿದೆ' ಎಂದು ಹೇಳುವುದಕ್ಕೆ ಬೇಕಾದ ಧೈರ್ಯ, ನೋವಿನಲ್ಲಿ ಓಡುವ ಧೈರ್ಯಕ್ಕಿಂತ ದೊಡ್ಡದು.

ಆ ಮಂಡಿ ತಂಡದ್ದಲ್ಲ, ಕುಟುಂಬದ್ದಲ್ಲ, ಸಂಪೂರ್ಣವಾಗಿ ನಿನ್ನದೂ ಅಲ್ಲ. ಒಪ್ಪಿಸಿದವನಿಗೆ ಒಂದು ದಿನ ಲೆಕ್ಕ ಒಪ್ಪಿಸಬೇಕಾದ ಸೊತ್ತು ಅದು. ಅಲ್ಲಾಹನು ಗಾಯಗೊಂಡ ನಮ್ಮ ಮಕ್ಕಳಿಗೆ ಶಿಫಾ ನೀಡಲಿ. ತಿಳಿಯದಿದ್ದಾಗ ಕೇಳುವ ವಿನಯವನ್ನೂ, ಕಾಯುವವರ ಹೊರೆಗೆ ಹೆಗಲು ಕೊಡುವ ಮನಸ್ಸನ್ನೂ ನಮಗೆ ದಯಪಾಲಿಸಲಿ. ಆಮೀನ್.