ಹೊಸ ಅಕ್ಷರದ ಎದುರು ಕೂತಾಗ

ಬೀದರಿನ ಕಣ್ಣಿಗೆ ಬಗೆಬಗೆಯ ಲಿಪಿಗಳು ಹೊಸವಲ್ಲ. ಮಹಮೂದ್ ಗವಾನನ 1472ರ ಮದರಸಾದ ಗೋಡೆಯಲ್ಲಿ ಬಣ್ಣದ ಹೆಂಚುಗಳ ಮೇಲೆ ಅರಬ್ಬಿ ಬರಹವಿದೆ. ಗುರುನಾನಕ ಝೀರಾದಲ್ಲಿ ಗುರುಮುಖಿ ಕಾಣುತ್ತದೆ. ಔರಾದ್ ಕಡೆ ಹೊರಟರೆ ಕನ್ನಡದ ಪಕ್ಕ ಮರಾಠಿಯೂ ಬರುತ್ತದೆ. ನಿಜಾಮರ ಕಾಲದ ಹೊಲದ ಕಾಗದ ತೆಗೆದರೆ ಉರ್ದು. ಇಷ್ಟರ ನಡುವೆ ಈಗ ಮೊಬೈಲ್ ಮೂಲಕ ಇನ್ನೊಂದು ಲಿಪಿ ಊರಿಗೆ ಬಂದಿದೆ. ಕೊರಿಯನ್ ಧಾರಾವಾಹಿ ನೋಡಿ, ಹಾಡು ಕೇಳಿ, ಆ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ತಿದ್ದುವ ಹರೆಯದವರನ್ನು ನೋಡಿ ಮನೆಯ ಹಿರಿಯರು ಕೇಳುತ್ತಾರೆ: "ಇದರಿಂದ ಏನ್ ಸಿಗ್ತದ?" ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ನೌಕರಿಯ ಉತ್ತರವೂ ಇದೆ, ಆದರೆ ನನಗೆ ಮುಖ್ಯವೆನಿಸುವುದು ಬೇರೆ.

ಹಾಂಗುಲ್ ಎಂಬ ಆ ಲಿಪಿಯ ಮೂಲಾಕ್ಷರಗಳು ಇಂದು 24: 14 ವ್ಯಂಜನ, 10 ಸ್ವರ. ಬಾಯಿಯನ್ನೇ ನೋಡಿ ಬರೆದ ಅಕ್ಷರಗಳು ಅವು. 'ನ' ಎಂದು ಹೇಳಿ ಅಲ್ಲೇ ತಡೆಯಿರಿ. ನಾಲಿಗೆಯ ತುದಿ ಮೇಲೆದ್ದು ಹಲ್ಲಿನ ಹಿಂದೆ ತಾಗಿರುತ್ತದೆ. ಮೇಲಿಂದ ಕೆಳಕ್ಕೊಂದು ಗೆರೆ ಎಳೆದು ಬಲಕ್ಕೆ ತಿರುಗಿಸಿದರೆ ಅದೇ ಅವರ 'ನ', ಹಾಗೆ ಎದ್ದ ನಾಲಿಗೆಯ ಚಿತ್ರ. ಮುಚ್ಚಿದ ಬಾಯಿಯ ಚೌಕ 'ಮ'. 'ಕ'ಗೆ ಒಂದು ಗೆರೆ ಹೆಚ್ಚಿಗೆ ಹಾಕಿದರೆ ಮಹಾಪ್ರಾಣ. ನಮ್ಮಲ್ಲೂ 'ದ'ದ ಕೆಳಗೆ ಸೀಳು ಹಾಕಿದರೆ 'ಧ', 'ಪ'ದ ಕೆಳಗೆ ಹಾಕಿದರೆ 'ಫ'. ಕಂಠ್ಯ, ದಂತ್ಯ, ಓಷ್ಠ್ಯ ಎಂದು ವರ್ಗ ಮಾಡಿ ಕಲಿತವರಿಗೆ ಈ ಲಿಪಿಯ ತರ್ಕ ಬೇಗ ಒಲಿಯುತ್ತದೆ.

ಉಚ್ಚಾರ ಮಾತ್ರ ಬೇಗ ಒಲಿಯುವುದಿಲ್ಲ. ಒಂದೇ ಅಕ್ಷರ ಪದದ ಮೊದಲಲ್ಲಿ 'ಕ'ಗೆ ಹತ್ತಿರ, ಎರಡು ಸ್ವರಗಳ ನಡುವೆ 'ಗ'. ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಪುಸಾನ್ ಎಂದು ಬರೆಯುತ್ತಿದ್ದ ಕೊರಿಯಾದ ಊರು ಇಂದು ಬುಸಾನ್ ಆಗಿರುವುದಕ್ಕೂ ಇಂಥದೇ ಕಾರಣ. 'ರ' ಮತ್ತು 'ಲ'ಗೆ ಸೇರಿ ಒಂದೇ ಅಕ್ಷರ. ತುಟಿ ದುಂಡಗೆ ಮಾಡದೆ, ಹಲ್ಲು ಕಿರಿದು ಹೇಳಬೇಕಾದ ಒಂದು 'ಉ' ಇದೆ. ಅದನ್ನು ನಮ್ಮ ಕಿವಿ ಮೊದಲಿಗೆ ಹಿಡಿಯುವುದೇ ಇಲ್ಲ. ನಾವು ಬಸ್ ಅನ್ನು ಬಸ್ಸು ಮಾಡಿಕೊಂಡಂತೆ ಅವರೂ ಅದರ ಕೊನೆಗೆ ಆ 'ಉ' ಸೇರಿಸಿಕೊಂಡಿದ್ದಾರೆ ಎಂಬುದು ತಿಳಿದಾಗ ನನಗೆ ಆ ದೂರದ ಜನ ಬಹಳ ಹತ್ತಿರದವರೆನಿಸಿದರು.

ಈ ಅಕ್ಷರಗಳನ್ನು ಮಾಡಿಸಿದವನು ಸೆಜೊಂಗ್ ಎಂಬ ಅರಸ. 1443ರಲ್ಲಿ ಸಿದ್ಧವಾಗಿ 1446ರಲ್ಲಿ ಪ್ರಕಟವಾದವು. ಅಲ್ಲಿಯವರೆಗೆ ಬರಹವೆಂದರೆ ಚೀನೀ ಲಿಪಿ. ವರ್ಷಗಟ್ಟಲೆ ಕೂತು ಕಲಿಯುವ ಅನುಕೂಲ ಇದ್ದವರಿಗಷ್ಟೇ ಅದು ದಕ್ಕುತ್ತಿತ್ತು. ಹೇಳಿಕೊಳ್ಳಲು ಸಂಕಟವಿದ್ದೂ ಬರೆದು ತಿಳಿಸಲಾರದ ಸಾಮಾನ್ಯರ ಮೇಲಿನ ಮರುಕದಿಂದ ಇದನ್ನು ಮಾಡಿದೆ ಎಂದು ಅರಸನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಆಸ್ಥಾನದ ಪಂಡಿತರು 1444ರಲ್ಲೇ ವಿರೋಧಿಸಿ ಮನವಿ ಕೊಟ್ಟರು. ಓದುಬರಹ ಎಲ್ಲರಿಗೂ ಸುಲಭವಾದರೆ ಪಂಡಿತರಿಗೆ ಕಸಿವಿಸಿಯಾಗುವುದು ಕೊರಿಯಾದಲ್ಲಷ್ಟೇ ಅಲ್ಲ. ಮುಂದೆ ಜಪಾನೀಯರ ಆಳ್ವಿಕೆಯಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಹಾಕಿದರು. 1942ರಲ್ಲಿ ನಿಘಂಟು ತಯಾರಿಸುತ್ತಿದ್ದವರನ್ನು ಸೆರೆಗೆ ತಳ್ಳಿದರು. ಇಬ್ಬರು ಜೈಲಿನಲ್ಲೇ ತೀರಿಹೋದರು. ಕಿತ್ತುಕೊಂಡು ಹೋಗಿದ್ದ ಹಸ್ತಪ್ರತಿ ಕೊರಿಯಾದ ಬಿಡುಗಡೆಯ ನಂತರ 1945ರಲ್ಲಿ ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು.

ಇದನ್ನು ಓದುವಾಗ ಭಾಲ್ಕಿಯವರಿಗೆ ತಮ್ಮ ಹಿರೇಮಠ ನೆನಪಾಗದೆ ಇರದು. ನಿಜಾಮರ ಆಡಳಿತದಲ್ಲಿ ಕಚೇರಿಯೂ ಉರ್ದು, ಶಾಲೆಯೂ ಉರ್ದು. ಆಗ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಡಾ. ಚನ್ನಬಸವ ಪಟ್ಟದ್ದೇವರು. ಅವರು 1889ರಲ್ಲಿ ಹುಟ್ಟಿದ್ದು ಔರಾದ್ ಸೀಮೆಯ ಕಮಲನಗರದಲ್ಲಿ. ಮಠಾಧೀಶರಾಗಿ ಕಾಣಿಕೆ ಪಡೆದು ಕೂರಬಹುದಿತ್ತು. ಜೋಳಿಗೆ ಹಿಡಿದು ಮನೆಮನೆ ತಿರುಗಿ ಶಾಲೆ ನಡೆಸಿದರು. ಅವರು ಉರ್ದುವನ್ನು ದ್ವೇಷಿಸಲಿಲ್ಲ. ತನ್ನ ಮನೆಯ ಮಾತನ್ನು ಮಗು ಬರೆಯಲಾರದೆ ಹೋಗಬಾರದು ಎಂಬುದಷ್ಟೇ ಅವರ ಹಟ. ಅಲ್ಲಿ ಅರಸ ಸೆಜೊಂಗ್ ಮಾಡಿದ್ದನ್ನೇ ಇಲ್ಲಿ ಒಬ್ಬ ಜಂಗಮ ಮಾಡಿದರು, ಅದೂ ಅಧಿಕಾರವಿಲ್ಲದೆ. ನನ್ನ ಲೆಕ್ಕದಲ್ಲಿ ಈ ಕೆಲಸ ಹೆಚ್ಚು ತೂಕದ್ದು.

ಇನ್ನು ಹಿರಿಯರ ಪ್ರಶ್ನೆಗೆ ಉತ್ತರ. ಡಿಗ್ರಿ ಇರುವವರು ಕೊರಿಯನ್ ಪುಟದ ಮುಂದೆ ಕೂತ ಮೊದಲ ದಿನ ಪೂರ್ತಿ ಅನಕ್ಷರಸ್ಥರು. ಕಣ್ಣಿದೆ, ಬುದ್ಧಿಯಿದೆ, ಎದುರಿಗೆ ಗೆರೆಗಳಿವೆ, ಅರ್ಥವಿಲ್ಲ. ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡಿನ ಕೆಳಗೇ ನಿಂತು "ಇದು ಭಾಲ್ಕಿಗಿ ಹೋಗ್ತದೇನಪಾ?" ಎಂದು ಕೇಳುವ ಅಜ್ಜಿ ದಿನವೂ ಇರುವುದು ಇದೇ ಸ್ಥಿತಿಯಲ್ಲಿ. "ಬೋರ್ಡ್ ಓದ್ಲಾಕ್ ಬರಲ್ಲೇನು?" ಎಂದು ಅವಳನ್ನು ಗದರುವವರಿಗೆ ಆ ಸ್ಥಿತಿ ಗೊತ್ತಿಲ್ಲ, ಅದಕ್ಕೇ ಗದರುತ್ತಾರೆ. ಓದು ಬಂದವರು ಓದು ಬಾರದವರ ಕಷ್ಟವನ್ನು ಒಳಗಿನಿಂದ ತಿಳಿಯಲು ಇರುವ ದಾರಿಗಳು ಕಡಿಮೆ. ಗುರುತಿಲ್ಲದ ಲಿಪಿಯನ್ನು ಮೊದಲಿಂದ ಕಲಿಯುವುದು ಅವುಗಳಲ್ಲೊಂದು. ಆ ತಿಳಿವಳಿಕೆ ಬಾರದೆ ಹೋದರೆ, ಇಪ್ಪತ್ತನಾಲ್ಕೂ ಅಕ್ಷರ ಕಲಿತು ಐವತ್ತು ಧಾರಾವಾಹಿ ನೋಡಿದರೂ ಅದು ಹೊತ್ತು ಕಳೆದದ್ದಷ್ಟೇ.

ಔರಾದ್ ತಾಲ್ಲೂಕಿನ ತಾಂಡಾಗಳಿಂದ, ಗಡಿಯ ಊರುಗಳಿಂದ ಮನೆಯಲ್ಲಿ ಲಂಬಾಣಿ, ಮರಾಠಿ, ತೆಲುಗು ಆಡುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಅವರ ಪಾಲಿಗೆ 'ಅ ಆ ಇ ಈ' ನಿಮ್ಮ ಪಾಲಿನ ಹಾಂಗುಲ್ ಇದ್ದಂತೆ. 'ಳ' ಬರೆಯುವಾಗ ಅವರ ಕೈ ತಡೆಯುತ್ತದೆ, ಒತ್ತಕ್ಷರ ಬಂದರೆ ಓದು ನಿಲ್ಲುತ್ತದೆ. ಕೊರಿಯನ್ ಕಲಿಯುತ್ತಿರುವ ತಂಗಿಯರೇ, ತಮ್ಮಂದಿರೇ, ಕಲಿಯುವುದನ್ನು ಬಿಡಬೇಡಿ. ವಾರಕ್ಕೊಂದು ಸಂಜೆ ಅಂಥ ಒಂದು ಮಗುವಿನ ಪಕ್ಕ ಕೂತು ಅದರ ಜೊತೆ ಕನ್ನಡ ಓದಿ.