ಇನ್ನೊಬ್ಬರ ಪದ, ಮುಪ್ಪಿನ ದನಿ

ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ತೀರಿಕೊಳ್ಳುವ ಹಿಂದಿನ ವರ್ಷ, 2002ರಲ್ಲಿ, ಒಂದು ಆಲ್ಬಂ ತಂದ. ಅದರಲ್ಲಿ ಹೆಚ್ಚಿನವು ಬೇರೆಯವರ ಹಾಡುಗಳು. ಆಗ ಅವನಿಗೆ 70 ವರ್ಷ. ಜೈಲು, ರೈಲು, ದೇವರು ಎಂದು ಹಾಡಿ ಹೆಸರಾದವನನ್ನು 1980ರ ದಶಕದಲ್ಲಿ ಹಳೆಯ ರೆಕಾರ್ಡ್ ಕಂಪನಿ ಕೈಬಿಟ್ಟಿತ್ತು. ಆಮೇಲೆ ರಿಕ್ ರೂಬಿನ್ ಎಂಬ ನಿರ್ಮಾಪಕ ಅವನನ್ನು ಕರೆದು ಕೂರಿಸಿ ಮತ್ತೆ ಹಾಡಿಸಿದ. ಈ ಆಲ್ಬಮ್ಮಿನ ‘ಹರ್ಟ್’ ಎಂಬ ಹಾಡನ್ನು 1994ರಲ್ಲಿ ಹೊರತಂದವನು ಟ್ರೆಂಟ್ ರೆಜ್ನರ್. ಇನ್ನೂ ಮೂವತ್ತು ತುಂಬದವನ ಸಂಕಟ ಅದು. ಅದೇ ಮಾತುಗಳು ಕಾಯಿಲೆಯಿಂದ ಜರ್ಜರಿತನಾದ ಮುದುಕನ ಬಾಯಿಗೆ ಬಂದಾಗ, ಒಂದು ಇಡೀ ಬದುಕಿನ ಲೆಕ್ಕ ಒಪ್ಪಿಸಿದಂತೆ ಕೇಳಿಸುತ್ತವೆ. ಇದು ಇನ್ನು ನನ್ನ ಹಾಡಲ್ಲ ಎಂಬರ್ಥದ ಮಾತನ್ನು ರೆಜ್ನರನೇ ಆಡಿದ. ಹಾಡಿನ ವಿಡಿಯೊದಲ್ಲಿ ಬಾಗಿಲು ಮುಚ್ಚಿದ ಕ್ಯಾಶನ ಮ್ಯೂಸಿಯಂ ಇದೆ, ಗಂಡನನ್ನೇ ನೋಡುತ್ತ ನಿಂತ ಜೂನ್ ಇದ್ದಾಳೆ. 2003ರ ಮೇ ತಿಂಗಳಲ್ಲಿ ಅವಳು ಹೋದಳು, ಸೆಪ್ಟೆಂಬರಿನಲ್ಲಿ ಅವನು. ಅವರಿದ್ದ ಮನೆ 2007ರಲ್ಲಿ ಸುಟ್ಟುಹೋಯಿತು.

ನಮ್ಮೂರು ಕದರಮಂಡಲಗಿಯವರಿಗೆ ಇನ್ನೊಬ್ಬರ ಹಾಡು ಹಾಡುವುದರಲ್ಲಿ ಸೋಜಿಗವೇನಿಲ್ಲ. ಕಾಂತೇಶನೆಂಬ ಹನುಮಪ್ಪನ ಗುಡಿಯಲ್ಲಿ ಭಜನಿಗೆ ಕೂತವರಲ್ಲಿ ಸ್ವಂತ ಪದ ಹಾಡುವವರು ಯಾರಿದ್ದಾರೆ? ಕನಕದಾಸರದು, ಪುರಂದರದಾಸರದು, ಶಿಶುನಾಳ ಶರೀಫರದು. ಬಾಡದಲ್ಲಿ ಹುಟ್ಟಿದ ತಿಮ್ಮಪ್ಪ ನಾಯಕರು ಕನಕದಾಸರಾಗಿ ನಮ್ಮ ಬ್ಯಾಡಗಿ ತಾಲ್ಲೂಕಿನದೇ ಕಾಗಿನೆಲೆಯಲ್ಲಿ ನೆಲೆ ನಿಂತರು. ‘ಮೋಹನತರಂಗಿಣಿ’ಯನ್ನು ಈ ಕಾಂತೇಶನ ಸನ್ನಿಧಿಯಲ್ಲೇ ಬರೆದರೆಂದು ಪ್ರತೀತಿ. ಅವರ ಪದಗಳ ಅಂಕಿತ ಕಾಗಿನೆಲೆಯ ಆದಿಕೇಶವನದು. ಕಟ್ಟಿದವರೇ ಹಾಡನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲಿಲ್ಲ.

ಭಜನಿ ಮೇಳದಲ್ಲಿ ಒಬ್ಬ ಅಜ್ಜ ಇದ್ದಾನೆ. ಹಲ್ಲು ಹೋಗಿವೆ, ಹಾಗಾಗಿ ಸಕಾರವೆಲ್ಲ ಬರೀ ಗಾಳಿಯಾಗಿ ಹೊರಡುತ್ತದೆ. ಮೇಲಿನ ಸ್ವರ ಬಂದಾಗ ಅವನು ಬಾಯಿ ಮುಚ್ಚಿ ತಾಳವನ್ನಷ್ಟೇ ಬಾರಿಸುತ್ತಾನೆ. ಆ ಸಾಲನ್ನು ಹಿಂದೆ ಕೂತವರು ಎತ್ತಿಕೊಳ್ಳುತ್ತಾರೆ. ಸ್ವರ ಇಳಿದ ಕೂಡಲೇ ಅಜ್ಜ ಮತ್ತೆ ಬಂದು ಸೇರುತ್ತಾನೆ. “ಸಾಕು ಬಿಡಜ್ಜಾ, ದಮ್ಮು ಹತ್ತೈತಿ” ಎಂದರೆ, “ತಡಿಯೋ ತಮ್ಮಾ, ಇದೊಂದು ಪದಾ ಮುಗಸ್ತೀನಿ” ಎನ್ನುತ್ತಾನೆ. ಏರಲಾಗದ ಕಡೆ ಬಿಟ್ಟುಕೊಡುವುದರಲ್ಲಿ ಅವನಿಗೆ ನಾಚಿಕೆಯಿಲ್ಲ. ಸಾಲು ನಿಲ್ಲಬಾರದು, ಅಷ್ಟೇ.

ರೆಜ್ನರನ ಹಾಡು ಮೊದಲು ಹೇಗಿತ್ತೆಂದು ಈಗಲೂ ಕೇಳಿ ನೋಡಬಹುದು. ಕನಕದಾಸರ ದನಿ ಎಂಥದು, ಯಾವ ಧಾಟಿಯಲ್ಲಿ ಹಾಡಿದರು ಎಂಬುದು ನಾಲ್ಕು ಶತಮಾನಗಳ ಹಿಂದೆಯೇ ಗಾಳಿಯಲ್ಲಿ ಕರಗಿತು. ಹತ್ತೊಂಬತ್ತನೇ ಶತಮಾನದಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದಾಗ ಮಾತು ಉಳಿಯಿತು. ದನಿ ಅಚ್ಚಿಗೆ ಸಿಗುವಂಥದಲ್ಲ. ಒಂದೇ ಪದಕ್ಕೆ ಒಬ್ಬರು ಒಂದು ರಾಗ ಹೇಳಿದರೆ ಮತ್ತೊಬ್ಬರು ಇನ್ನೊಂದು ಹೇಳುತ್ತಾರೆ. ಕನಕದಾಸರದೆಂದು ನಾವು ಕಣ್ಣುಮುಚ್ಚಿ ಕೇಳುವುದೆಲ್ಲ ಆಮೇಲಿನ ಯಾರೋ ತಮ್ಮ ಗಂಟಲಿಗೆ ಒಗ್ಗಿಸಿಕೊಂಡದ್ದು. ಮೂಲ ಕಳೆದುಹೋಗಿಯೂ ಪದಕ್ಕೆ ಊನ ಬಂದಿಲ್ಲ ಎಂಬುದು ನನಗೆ ದೊಡ್ಡ ಧೈರ್ಯ ಕೊಡುತ್ತದೆ.

ದನಿಯಾದರೋ, ಮನುಷ್ಯ ಬದುಕಿರುವಾಗಲೇ ಹೋಗಬಹುದು. ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರು ಹೊತ್ತ ಗಾಯಕಿ ಗಂಗೂಬಾಯಿಯವರು 1930ರ ದಶಕದಲ್ಲಿ ಕೊಟ್ಟ ರೆಕಾರ್ಡುಗಳಲ್ಲಿ ತೆಳುವಾದ, ಎಳೆಯ ಕಂಠವಿದೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಹೋಗಿ ಗಂಡುದನಿಯಂಥ ಗಡಸು ಕಂಠ ಬಂತು. 2009ರಲ್ಲಿ, 96ರ ವಯಸ್ಸಿನಲ್ಲಿ ಅವರು ಹೋದಾಗ ನಾಡು ನೆನೆದದ್ದು ಆ ಎರಡನೆಯ ಕಂಠವನ್ನು.

ಇಷ್ಟೆಲ್ಲ ಬಲ್ಲೆನಾದರೂ ಒಂದು ಸಂಗತಿ ನನ್ನನ್ನು ಬಾಧಿಸುತ್ತದೆ. ಊರ ಹುಡುಗರು ಈಗ ದಾಸರ ಪದಗಳನ್ನು ಮೊಬೈಲಿನಲ್ಲಿ ಕೇಳಿ ಕಲಿಯುತ್ತಾರೆ. ಗಾಯಕ ವಿದ್ಯಾಭೂಷಣರ ಧಾಟಿ, ಇಲ್ಲವೇ ಸಿನಿಮಾದ ಧಾಟಿ. ಚೆನ್ನಾಗಿಯೇ ಹಾಡುತ್ತಾರೆ, ಭಕ್ತಿಯಿಂದಲೇ ಹಾಡುತ್ತಾರೆ. ಆದರೆ ಅಜ್ಜನ ಧಾಟಿ ಬಲ್ಲವರು ಮೇಳದಲ್ಲಿ ಕಡಿಮೆಯಾಗುತ್ತಿದ್ದಾರೆ. ಅದೂ ಒಂದು ಕಾಲಕ್ಕೆ ಇನ್ನಾವುದೋ ಧಾಟಿಯನ್ನು ಸರಿಸಿ ಬಂದದ್ದೇ ಇರಬೇಕು ಎಂದು ಬುದ್ಧಿ ಹೇಳುತ್ತದೆ. ಮನಸ್ಸು ಒಪ್ಪುವುದಿಲ್ಲ. ಎಲ್ಲವೂ ಹೋಗುವಂಥದ್ದೇ ಎಂಬ ಮಾತನ್ನು ನಾವು ಬಲು ಬೇಗ ಆಡಿ ಕೈತೊಳೆದುಕೊಳ್ಳುತ್ತೇವೆ, ಕೈಗೆಟುಕುವ ವಸ್ತುವಿನ ವಿಷಯದಲ್ಲೂ. ರೂಬಿನ್ ಹಾಗೆ ಮಾಡಲಿಲ್ಲ. ಒಡೆದ ದನಿಯನ್ನು ತಿದ್ದಿ ಅಡಗಿಸಲೂ ಇಲ್ಲ, ಮುಪ್ಪಾಯಿತೆಂದು ಬಿಡಲೂ ಇಲ್ಲ. ಅದು ಇದ್ದಂತೆಯೇ ಹಿಡಿದಿಟ್ಟ. ಈಗ ಎಲ್ಲರ ಜೇಬಿನಲ್ಲೂ ಅಂಥ ಯಂತ್ರವೊಂದಿದೆ. ಬರುವ ಶನಿವಾರದ ಭಜನಿಯಲ್ಲಿ ಅಜ್ಜನ ಮುಂದೆ ಫೋನ್ ಇಡುವವನಿದ್ದೇನೆ. ಅವನು ಬಿಟ್ಟುಕೊಡುವ ಸಾಲನ್ನು ಎತ್ತಿಕೊಳ್ಳುವವರ ದನಿಯೂ ಸ್ಪಷ್ಟವಾಗಿ ಬರಬೇಕು, ಹಾಗಾಗಿ ತೀರ ಹತ್ತಿರ ಇಡುವುದಿಲ್ಲ.