ಮಾರುವವನ ಮೌನ

ಸತ್ಯವೆಂದರೆ ಸುಳ್ಳಾಡದಿರುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ನಾಲಗೆಯಿಂದ ಹೊರಬಿದ್ದ ಮಾತು ಇದ್ದುದಕ್ಕೆ ಹೊಂದಿದರೆ ಸತ್ಯ, ಹೊಂದದಿದ್ದರೆ ಅಸತ್ಯ. ಅಷ್ಟಕ್ಕೆ ನಮ್ಮ ವಿಚಾರಣೆ ಮುಗಿಯುತ್ತದೆ. ಆದರೆ ವಾಚಕರೇ, ಆಡಿದ ಒಂದೊಂದು ಮಾತೂ ನಿಜವಾಗಿದ್ದು, ಬರೆದ ಒಂದೊಂದು ಅಂಕಿಯೂ ಸರಿಯಾಗಿದ್ದು, ಅದರಿಂದಲೇ ಮತ್ತೊಬ್ಬನ ಮನೆ ಹಾಳಾದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬಂದುದಲ್ಲ. ಕಾಂಕ್ರೀಟನ್ನು ಕಲಸುವ ಮತ್ತು ಮೇಲಂತಸ್ತುಗಳಿಗೆ ಸಾಗಿಸುವ ಯಂತ್ರಗಳನ್ನು ಒದಗಿಸುವ ಸಂಸ್ಥೆಯೊಂದರ ಮಾರಾಟ ವಿಭಾಗದಲ್ಲಿ ಹದಿನೇಳು ವರ್ಷ ದುಡಿದ ನನಗೆ ಅದು ಬಂದದ್ದು ಒಂದು ಕಾಗದದ ಬೆನ್ನ ಮೇಲಿನ ಲೆಕ್ಕದಿಂದ.

ಮನೆಯ ಮೋಲ್ಡು ಹಾಕುವ ದಿನವೆಂದರೆ ಹಿಂದೆ ಹೇಗಿರುತ್ತಿತ್ತೆಂಬುದನ್ನು ನಿಮ್ಮಲ್ಲಿ ಬಹುಮಂದಿ ಕಂಡಿದ್ದೀರಿ. ಅಂಗಳದಲ್ಲಿ ಗುಡುಗುಡಿಸುವ ಮಿಕ್ಸರು, ಅದರ ಬಾಯಿಗೆ ಜಲ್ಲಿ, ಮರಳು, ಸಿಮೆಂಟು ಸುರಿಯುವವರು, ಅಲ್ಲಿಂದ ಮಾಳಿಗೆಯವರೆಗೆ ಸಾಲಾಗಿ ನಿಂತು ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುವ ಹೆಣ್ಣಾಳು ಗಂಡಾಳುಗಳು. ಈಗ ಪಟ್ಟಣಗಳಲ್ಲಿ ಆ ನೋಟ ಅಪರೂಪವಾಗುತ್ತಿದೆ. ತಿರುಗುವ ಹೊಟ್ಟೆಯ ಲಾರಿಯು ಕಲಸಿದ ಕಾಂಕ್ರೀಟನ್ನು ಹೊತ್ತು ತರುತ್ತದೆ. ೬ ಘನ ಮೀಟರು ಹಿಡಿಯುವ ಒಂದು ಲಾರಿಯಲ್ಲಿ ಹೆಚ್ಚುಕಡಮೆ ೧೪ ಟನ್ನು ಭಾರ. ಅದನ್ನು ಪಂಪಿನ ತೊಟ್ಟಿಗೆ ಸುರಿದರೆ ಒಳಗಿನ ಎರಡು ಸಿಲಿಂಡರುಗಳಲ್ಲಿ ಒಂದು ಎಳೆದುಕೊಳ್ಳುತ್ತದೆ, ಇನ್ನೊಂದು ಕೊಳವೆಗೆ ನೂಕುತ್ತದೆ; ಮರುಕ್ಷಣ ಎರಡರ ಕೆಲಸ ಅದಲುಬದಲಾಗುತ್ತದೆ. ತತ್ತ್ವ ಇಷ್ಟೇ. ಆದರೆ ಇಷ್ಟರಿಂದಲೇ ದುಬೈನ ಬುರ್ಜ್ ಖಲೀಫಾ ಕಟ್ಟಡದಲ್ಲಿ ಕಾಂಕ್ರೀಟು ೬೦೦ ಮೀಟರಿಗೂ ಮಿಕ್ಕ ಎತ್ತರಕ್ಕೆ ಏರಿತು. ೨೦೧೧ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಅನಾಹುತವಾದಾಗ ಉದ್ದ ತೋಳಿನ ಇಂಥ ಪಂಪುಗಳಿಂದಲೇ ದೂರದಿಂದ ನೀರು ಹಾಯಿಸಿದರು. ಮಾರಾಟಗಾರನಿಗೆ ಇವೆಲ್ಲ ಬಹಳ ಪ್ರಿಯವಾದ ಸಂಗತಿಗಳು. ಮೂರಂತಸ್ತಿನ ಕಲ್ಯಾಣಮಂಟಪ ಕಟ್ಟುವವನ ಮುಂದೆಯೂ ನಾವು ಮೊದಲು ಬಿಚ್ಚುತ್ತಿದ್ದುದು ಆಕಾಶಚುಂಬಿ ಗೋಪುರದ ಚಿತ್ರವನ್ನೇ.

ಇರಲಿ, ಚಿತ್ರದಿಂದ ಯಾರೂ ಕೆಡುವುದಿಲ್ಲ. ಕೆಡುವುದು ಅಂಕಿಗಳಿಂದ. ಯಂತ್ರದ ಪರಿಚಯ ಪತ್ರಿಕೆಯಲ್ಲಿ ಎರಡು ಅಂಕಿಗಳು ದಪ್ಪ ಅಕ್ಷರದಲ್ಲಿರುತ್ತವೆ. ಗಂಟೆಗೆ ಗರಿಷ್ಠ ೬೦ ಘನ ಮೀಟರು ಎಂಬುದು ಒಂದು. ಕಾಂಕ್ರೀಟಿನ ಮೇಲೆ ಗರಿಷ್ಠ ೭೦ ಬಾರ್ ಒತ್ತಡ ಎಂಬುದು ಮತ್ತೊಂದು. ಎರಡೂ ನಿಜ. ಪರೀಕ್ಷೆಗೆ ಒಡ್ಡಿದರೆ ಎರಡನ್ನೂ ಸಿದ್ಧಪಡಿಸಬಹುದು. ಆದರೆ ಎರಡೂ ಏಕಕಾಲಕ್ಕೆ ನಿಜವಲ್ಲ. ಈ ಕಸಬಿನಲ್ಲಿ ಒಂದು ರೂಢಿಯ ಲೆಕ್ಕವಿದೆ. ಗಂಟೆಯ ಘನ ಮೀಟರುಗಳನ್ನು ಒತ್ತಡದ ಬಾರ್‌ಗಳಿಂದ ಗುಣಿಸಿ ೨೫ರಿಂದ ಭಾಗಿಸಿದರೆ ಬೇಕಾಗುವ ಶಕ್ತಿ ಕಿಲೋವಾಟುಗಳಲ್ಲಿ ಸಿಗುತ್ತದೆ. ೬೦ನ್ನು ೭೦ರಿಂದ ಗುಣಿಸಿದರೆ ೪೨೦೦. ೨೫ರಿಂದ ಭಾಗಿಸಿದರೆ ೧೬೮. ಯಂತ್ರಕ್ಕೆ ಜೋಡಿಸಿದ ಎಂಜಿನ್ನಾದರೋ ೭೫ ಕಿಲೋವಾಟಿನದು. ಅಂದರೆ ೬೦ ಘನ ಮೀಟರು ಬೇಕಾದರೆ ಒತ್ತಡ ೩೧ ಬಾರ್‌ಗೆ ಇಳಿಯಬೇಕು. ೭೦ ಬಾರ್ ಬೇಕಾದರೆ ಪ್ರಮಾಣ ೨೭ ಘನ ಮೀಟರಿಗೂ ಕಡಮೆಯಾಗಬೇಕು. ಕೊಳವೆ ಉದ್ದವಾದಷ್ಟೂ, ಎತ್ತರಕ್ಕೆ ಏರಿದಷ್ಟೂ, ಬಾಗುಗಳು ಹೆಚ್ಚಿದಷ್ಟೂ, ಕಾಂಕ್ರೀಟು ಬಿರುಸಾದಷ್ಟೂ ಒತ್ತಡ ಹೆಚ್ಚು ಬೇಕಾಗುತ್ತದೆ. ಮೇಲಾಗಿ ಸಿಲಿಂಡರು ಪ್ರತಿಸಲವೂ ಪೂರ್ತಿ ತುಂಬದು. ಲಾರಿ ಬರುವವರೆಗೆ ಕಾಯಬೇಕು, ಕೊಳವೆ ಬಿಚ್ಚಿ ಜೋಡಿಸಬೇಕು, ಕೊನೆಗೆ ಎಲ್ಲವನ್ನೂ ತೊಳೆಯಬೇಕು. ಪತ್ರಿಕೆಯ ಕೆಳತುದಿಯಲ್ಲಿ ಸಾಸಿವೆಗಾತ್ರದ ಅಕ್ಷರಗಳಲ್ಲಿ ‘ಸೈದ್ಧಾಂತಿಕ’ ಎಂಬ ಒಂದು ಪದವಿರುತ್ತದೆ. ಆ ಪದಕ್ಕೆ ಇಷ್ಟೆಲ್ಲ ಅರ್ಥ.

ತುಂಗಭದ್ರೆಯ ದಡದ ಒಂದು ಊರಿನಿಂದ ಚಿಕ್ಕ ಗುತ್ತಿಗೆದಾರರೊಬ್ಬರು ಬಂದರು. ಗಾರೆ ಕೆಲಸದಿಂದ ಮೇಲೆ ಬಂದವರು, ನನಗಿಂತ ಹತ್ತು ವರ್ಷ ಹಿರಿಯರು. ಹೊಲದ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ಎತ್ತುವ ಏರ್ಪಾಡು ಮಾಡಿಕೊಂಡಿದ್ದರು. ತಾವೇ ಪಂಪು ಕೊಂಡು ಸುತ್ತಲ ಊರುಗಳಿಗೆ ಬಾಡಿಗೆಗೆ ಬಿಡುವ ವಿಚಾರ. ಪರಿಚಯ ಪತ್ರಿಕೆಯನ್ನು ಮಗುಚಿ, ಅದರ ಬೆನ್ನ ಮೇಲೆ ಲೆಕ್ಕ ಹಾಕತೊಡಗಿದರು. ಗಂಟೆಗೆ ೬೦, ದಿನಕ್ಕೆ ಎಂಟು ಗಂಟೆ, ೪೮೦ ಘನ ಮೀಟರು. ಘನ ಮೀಟರಿಗೆ ಇಷ್ಟು ಬಾಡಿಗೆ. ತಿಂಗಳಿಗೆ ಇಷ್ಟು ದಿನ. ನಡುವೆ ಅವರ ಲೇಖನಿಯ ಶಾಯಿ ಮುಗಿಯಿತು. ನಾನು ನನ್ನ ಲೇಖನಿಯನ್ನು ಕೊಟ್ಟೆ.

ಆ ಲೆಕ್ಕ ತಪ್ಪೆಂದು ನನಗೆ ಗೊತ್ತಿತ್ತು. ಆ ತಿಂಗಳ ನನ್ನ ಗುರಿಗೆ ಒಂದು ಯಂತ್ರ ಕಡಮೆ ಬಿದ್ದಿತ್ತೆಂಬುದೂ ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಗೆ ಸಿಕ್ಕ ಕೆಲಸಗಳೆಲ್ಲ ಉದ್ದ ಕೊಳವೆಯ, ಮೇಲಂತಸ್ತಿನ ಕೆಲಸಗಳು. ಅನುಕೂಲವಾದ ದಿನ ನೂರು ಘನ ಮೀಟರು ದಾಟುತ್ತಿತ್ತು. ಅಂಥ ದಿನಗಳು ವಾರಕ್ಕೆ ಎರಡು ಬಂದರೆ ಹೆಚ್ಚು. ಎರಡು ವರ್ಷ ತುಂಬುವುದರೊಳಗೆ ಕಂತು ನಿಂತು ಯಂತ್ರ ಹೋಯಿತು. ಅನಂತರ ಹೊಲವೂ ಹೋಯಿತು. ಒಮ್ಮೆ ಆ ಕಡೆಗೆ ಹೋದವನು ಮುಖ ತಪ್ಪಿಸಲಾರದೆ ಅವರ ಮನೆಗೆ ಹೋದೆ. ಅವರು ನನ್ನನ್ನು ದೂರಬಹುದೆಂದು ಎಣಿಸಿದ್ದೆ. ಅವರು ಚಹಾ ತರಿಸಿ, “ನಿಮ್ಮ ಮಷೀನ್ ಛಲೋ ಐತ್ರೀ ಸಾಹೇಬ್ರ, ನನ್ನ ಲೆಕ್ಕಾನ ತಪ್ಪಾತು” ಎಂದರು. ದೂರಿದ್ದರೆ ನಾನು ಪತ್ರಿಕೆಯ ಕೆಳತುದಿಯ ಪದವನ್ನು ತೋರಿಸಿ ವಾದಿಸುತ್ತಿದ್ದೆನೋ ಏನೋ. ಅವರು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡದ್ದರಿಂದ ನನಗೆ ನಿಲ್ಲಲು ನೆಲವಿಲ್ಲದಂತಾಯಿತು.

ಕೊಳ್ಳುವವನು ತಾನೇ ಎಚ್ಚರದಿಂದಿರಬೇಕು, ಮಾರುವವನು ಅವನ ಗುಮಾಸ್ತನಲ್ಲ ಎಂದು ನೀವು ಹೇಳಬಹುದು. ಕಾನೂನು ಕೂಡ ಬಹುಮಟ್ಟಿಗೆ ಹಾಗೆಯೇ ಹೇಳುತ್ತದೆ. ೧೮೭೨ರ ಭಾರತೀಯ ಕರಾರು ಅಧಿನಿಯಮದ ೧೭ನೆಯ ಪ್ರಕರಣವು ವಂಚನೆ ಎಂದರೇನೆಂದು ವಿವರಿಸುತ್ತ, ಬರಿಯ ಮೌನ ವಂಚನೆಯಾಗದು ಎಂದಿದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆಗಳು, ವಾಚಕರೇ, ಕಾನೂನಿನ ಪುಸ್ತಕದಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಮನುಷ್ಯತ್ವವುಳ್ಳವು. ಒಬ್ಬನು ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ; ಅದು ದೋಷವುಳ್ಳದ್ದೆಂದು ಬಲ್ಲನು, ಆದರೆ ಹೇಳುವುದಿಲ್ಲ. ಇದು ವಂಚನೆಯಲ್ಲ. ಅದೇ ಕುದುರೆಯನ್ನು ಕೊಂಡವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ? ಆಗ ಸಂಬಂಧವೇ ಅವನ ಮೇಲೆ ಹೇಳುವ ಹೊಣೆಯನ್ನು ಹೊರಿಸುತ್ತದೆ. ಇನ್ನೊಂದು ಉದಾಹರಣೆ: “ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮಾನ.

ಇದನ್ನು ಓದಿದಾಗ ನನಗೆ ನೆನಪಾದದ್ದು ಲೇಖನಿ. ೪೮೦ ಎಂದು ನನ್ನೆದುರಿಗೇ ಬರೆದು ಆ ಹಿರಿಯರು ನನ್ನ ಮುಖ ನೋಡಿದ್ದರು. ಬಾಯಿಬಿಟ್ಟು ಕೇಳಿರಲಿಲ್ಲ ನಿಜ. ಆ ನೋಟವೇ ಕೇಳಿಕೆಯಾಗಿತ್ತು. ನ್ಯಾಯಾಲಯದಲ್ಲಿ ಇದು ನಿಲ್ಲುತ್ತಿರಲಿಲ್ಲ, ನಿಲ್ಲಬೇಕೆಂದೂ ನಾನು ಹೇಳುತ್ತಿಲ್ಲ. ನನ್ನನ್ನು ಬಾಧಿಸುವುದು ಮಗಳ ಉದಾಹರಣೆ. ಅದೇ ದಿನ ನನ್ನ ಭಾವಮೈದುನನು ಅದೇ ಕಾಗದ ಹಿಡಿದು ಕುಳಿತಿದ್ದರೆ, ಎರಡನೆಯ ಸಾಲು ಬರೆಯುವ ಮುನ್ನವೇ ಅವನ ಕೈ ಹಿಡಿಯುತ್ತಿದ್ದೆ. ಹಾಗಾದರೆ ನನ್ನ ಸತ್ಯವೆಂಬುದು ನೆಂಟರಿಗೆ ಮೀಸಲಾದ ವಸ್ತುವೇ? ಕಚೇರಿಯ ಗೋಡೆಗಳ ಮೇಲೆ ಕಾಯಕದ ಹಿರಿಮೆ ಸಾರುವ ಫಲಕ ತೂಗುಹಾಕಿಕೊಂಡವರು ನಾವೆಲ್ಲ. ಫಲಕದ ಕೆಳಗೆ ಕುಳಿತು ಮಾಡುವ ಈ ವಿಂಗಡಣೆ ಯಾರ ಕಣ್ಣಿಗೂ ಬೀಳದು.

ಇನ್ನೂ ಒಂದು ಮಾತಿದೆ. ನಮ್ಮ ಮೌನವು ಎಲ್ಲರಿಗೂ ಸಮನಾಗಿರಲಿಲ್ಲ. ದೊಡ್ಡ ನಿರ್ಮಾಣ ಸಂಸ್ಥೆಯ ಎಂಜಿನಿಯರು ಬಂದರೆ ಅವನು ದಪ್ಪಕ್ಷರದ ಅಂಕಿಗಳನ್ನು ನೋಡುತ್ತಲೇ ಇರಲಿಲ್ಲ. ಒತ್ತಡಕ್ಕೂ ಪ್ರಮಾಣಕ್ಕೂ ಇರುವ ಸಂಬಂಧದ ನಕ್ಷೆಯನ್ನು ಕೇಳುತ್ತಿದ್ದನು, ನಾವು ಕೂಡಲೇ ಕೊಡುತ್ತಿದ್ದೆವು. ಆ ನಕ್ಷೆ ರಹಸ್ಯವಲ್ಲ, ಕಪಾಟಿನಲ್ಲಿಯೇ ಇತ್ತು. ಅಂದಮೇಲೆ ಸತ್ಯವು ಬಲ್ಲವನಿಗೆ ಕೇಳಿದೊಡನೆ ದೊರೆಯಿತು; ಅರಿಯದವನಿಗೆ, ಕೇಳಲು ಬಾರದ ಕಾರಣದಿಂದಲೇ, ದೊರೆಯಲಿಲ್ಲ. ಕಳೆದುಕೊಂಡರೂ ತಡೆದುಕೊಳ್ಳಬಲ್ಲವನನ್ನು ನಾವು ಕಾಪಾಡಿದೆವು. ಹೊಲ ಒತ್ತೆಯಿಟ್ಟವನನ್ನು ಬಿಟ್ಟೆವು. ಸೀರೆ ವ್ಯಾಪಾರಿಯೂ ತನ್ನ ಸರಕನ್ನು ಹೊಗಳುತ್ತಾನಲ್ಲ ಎಂದು ಗೆಳೆಯರೊಬ್ಬರು ನನ್ನನ್ನು ಸಮಾಧಾನಪಡಿಸಿದರು. ಸೀರೆಯನ್ನು ಕೊಳ್ಳುವವಳು ಅಂಚು ಮುಟ್ಟಿ ನೋಡಬಲ್ಲಳು. ೭೦ ಬಾರ್ ಒತ್ತಡವನ್ನು ಯಾರು ಮುಟ್ಟಿ ನೋಡಿಯಾರು?

ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ, ಅದಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಪ್ರತಿಸ್ಪರ್ಧಿಯ ಪತ್ರಿಕೆಯಲ್ಲಿಯೂ ಅದೇ ದಪ್ಪಕ್ಷರದ ಅಂಕಿ ಇರುತ್ತದೆ. ನಾನೊಬ್ಬನು ೨೭ ಎಂದರೆ, ಕೊಳ್ಳುವವನು ೬೦ ಎನ್ನುವವನ ಬಾಗಿಲಿಗೆ ಹೋಗುತ್ತಾನೆ. ಅವನೂ ಉಳಿಯುವುದಿಲ್ಲ, ನನ್ನ ಸಂಬಳ ಕೊಡುವವನಿಗೂ ನಷ್ಟ. ಹೀಗೆ ಆಗಿಯೂ ಆಗಿದೆ. ಆ ಘಟನೆಯ ಅನಂತರ ನಾನು ಕೊಟೇಷನ್ ಜೊತೆಗೆ ನಿಜವಾದ ಪ್ರಮಾಣವನ್ನು ಕೈಬರಹದಲ್ಲಿ ಬರೆದು ಕೊಡತೊಡಗಿದೆ. ಕೆಲವರು ಎದ್ದು ಹೋದರು. ಅವರಲ್ಲೊಬ್ಬರು ಬೇರೆಡೆ ಕೊಂಡು ಕೈಸುಟ್ಟುಕೊಂಡದ್ದನ್ನೂ ಕೇಳಿದೆ. ಕೆಲವರು ಚಿಕ್ಕ ಯಂತ್ರ ಕೊಂಡರು. ಇಬ್ಬರು, ಪಂಪಿನ ಗೊಡವೆಯೇ ಬೇಡವೆಂದು ಮಿಕ್ಸರಿಗೇ ಉಳಿದರು. ನನ್ನ ಮೇಲಧಿಕಾರಿಗಳು ಕರೆಸಿ, “ಅಚ್ಚಾದದ್ದು ಸಂಸ್ಥೆಯ ಮಾತು, ಕೈಬರಹ ನಿಮ್ಮದು, ಗುರಿ ತಪ್ಪಿದರೆ ಅದೂ ನಿಮ್ಮದೇ” ಎಂದರು. ಅವರ ಮಾತಿನಲ್ಲಿ ಅನ್ಯಾಯವಿತ್ತೆಂದು ನನಗೆ ಅನಿಸುವುದಿಲ್ಲ. ಎರಡು ವರ್ಷ ಬಡ್ತಿ ಬರಲಿಲ್ಲ.

ಕೊಳ್ಳುವವನಾದರೂ ಕೋಣೆಯೊಳಗೆ ಕುಳಿತಿರುತ್ತಾನೆ. ಕೋಣೆಗೆ ಎಂದೂ ಬಾರದವನೊಬ್ಬನಿದ್ದಾನೆ. ಕೊಳವೆಯ ತುದಿಯ ರಬ್ಬರು ನಳಿಗೆಯನ್ನು ಹಿಡಿದು ಕಾಂಕ್ರೀಟನ್ನು ಹರಡುವವನು. ಪಂಪನ್ನು ಆರಂಭಿಸುವಾಗಲೋ, ಕಟ್ಟಿಕೊಂಡ ಕೊಳವೆಯನ್ನು ತೆರವು ಮಾಡಿದ ಮೇಲೋ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಅದು ಒತ್ತಡಕ್ಕೆ ಒಳಗಾಗಿ ಹೊರನುಗ್ಗುವ ಕ್ಷಣದಲ್ಲಿ ಆ ನಳಿಗೆಯು ಹಾವಿನಂತೆ ಚಾಟಿ ಬೀಸುತ್ತದೆ. ಮನುಷ್ಯನನ್ನು ಮಾಳಿಗೆಯಿಂದ ಕೆಳಕ್ಕೆ ಎಸೆಯುವಷ್ಟು ಬಲ ಅದಕ್ಕುಂಟು. ಆದ್ದರಿಂದ ಕಾಂಕ್ರೀಟು ಸಮನಾಗಿ ಬರುವವರೆಗೆ ಯಾರೂ ಅದರ ಹತ್ತಿರ ನಿಲ್ಲಬಾರದು, ತುದಿಗೆ ಲೋಹದ ಜೋಡಣೆ ಇರಬಾರದು. ಇದು ಬಳಕೆಯ ಕೈಪಿಡಿಯಲ್ಲಿದೆ. ಆದರೆ ಯಂತ್ರ ಮಾರುವ ಹೊತ್ತಿನಲ್ಲಿ ಈ ಮಾತೆತ್ತಿದರೆ ಕೊಳ್ಳುವವನು ಅಂಜಿಯಾನೆಂದು ನಾವು ಎತ್ತುವುದಿಲ್ಲ. ಒಪ್ಪಿಸುವ ದಿನ ಚಾಲಕನಿಗೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ನಳಿಗೆ ಹಿಡಿಯುವವನಾದರೋ ಆ ಬೆಳಗ್ಗೆ ಕೂಲಿಗೆ ಬಂದವನು, ರಾಯಚೂರು ಯಾದಗಿರಿಗಳ ಕಡೆಯಿಂದ ಗುಳೆ ಬಂದ ಹುಡುಗನಿರಬಹುದು. ಅವನಿಗೆ ಹೇಳಬೇಕಾದವರು ಯಾರು? ಹರಾಜಿನ ಕುದುರೆಯ ಕಥೆಯಲ್ಲಿ ಅವನಿಗೆ ಸ್ಥಾನವೇ ಇಲ್ಲ. ಅವನು ಕೊಂಡವನಲ್ಲ, ಮಾರಿದವನೂ ಅಲ್ಲ. ಕೊನೆಯ ವರ್ಷಗಳಲ್ಲಿ ನಾನು ಯಂತ್ರ ಒಪ್ಪಿಸುವ ದಿನ ಮಾಳಿಗೆಗೆ ಹತ್ತಿ, ನಳಿಗೆಯ ಬಳಿ ಇದ್ದವರನ್ನೆಲ್ಲ ಕರೆದು ಹೇಳುವುದನ್ನು ರೂಢಿಮಾಡಿಕೊಂಡೆ. ಮರುದಿನ ಅಲ್ಲಿ ಬೇರೆಯವರು ನಿಂತಿರುತ್ತಾರೆಂಬುದು ನನಗೆ ತಿಳಿಯದ ವಿಷಯವಲ್ಲ.

ಕಳೆದ ವರ್ಷ, ನಾನು ನಿವೃತ್ತನಾದ ಮೇಲೆ, ತುಂಗಭದ್ರೆಯ ದಡದ ಆ ಹಿರಿಯರ ಮಗನಿಂದ ದೂರವಾಣಿ ಕರೆ ಬಂದಿತು. ತಂದೆಯವರು ತೀರಿಕೊಂಡಿದ್ದಾರೆ. ಮಗನು ಸೆಂಟ್ರಿಂಗ್ ಕೆಲಸ ಹಿಡಿದಿದ್ದಾನೆ. ತಾನೇ ಜಲ್ಲಿ ಮರಳು ತುಂಬಿಕೊಂಡು ಕಲಸುವ ಬಗೆಯ ಮಿಕ್ಸರು ಕೊಳ್ಳಬೇಕೆಂದಿದ್ದಾನೆ. “ಕಾಕಾ, ಅಪ್ಪ ನಿಮ್ಮ ನಂಬರ್ ಬರೆದಿಟ್ಟಿದ್ರು. ಯಾವುದು ತಗೋಬೇಕು ಹೇಳ್ರಿ” ಎಂದನು. “ಯಾವುದು ಎಂಬುದು ಆಮೇಲೆ, ತಮ್ಮಾ. ದಿನಕ್ಕೆ ಎಷ್ಟು ಘನ ಮೀಟರು ಅಂತ ಹಿಡಿದಿದ್ದೀ?” ಎಂದು ಕೇಳಿದೆ. ಅವನು ಹೇಳಿದನು. ಒಂದು ಕಾಗದ ತೆಗೆದುಕೊಳ್ಳಲು ಹೇಳಿ, ನಾನೂ ಒಂದನ್ನು ತೆಗೆದುಕೊಂಡು ಕುಳಿತೆ.